ಚಿಕ್ಕ ವಿಮಾನದ ಇಂಜಿನ್ನಿಗೆ ಕಾರ್ಬ್ಯುರೆಟರಿನ ಆಯ್ಕೆ

ನಮ್ಮ ಪ್ರಾಂತದ ಯಂತ್ರಪ್ರಿಯರಾದ ವಿದ್ಯಾರ್ಥಿಗಳಿಗೆ ಕಾರ್ಬ್ಯುರೆಟರ್ ಎಂಬ ಪದವು ಅಪರಿಚಿತವಾದುದೇನಲ್ಲ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ತಯಾರಾಗಿ, 1996ರಲ್ಲಿ ಕಾರ್ಖಾನೆಯು ಮುಚ್ಚುವವರೆಗೂ ಹೊರಬರುತ್ತಿದ್ದ ಜಾವಾ, ಯೆಜ್ದಿ ಮೋಟಾರ್ ಸೈಕಲ್ಲುಗಳ ಕಾರ್ಬ್ಯುರೆಟರನ್ನು ಬಿಚ್ಚಿ, ತೊಳೆದು, ಜೆಟ್ಟಿನ ಸಣ್ಣ ರಂಧ್ರಕ್ಕೆ ಉಸಿರೂದಿ ಮತ್ತೆ ಜೋಡಿಸಿದವರು ಸುತ್ತೂರು, ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಅನೇಕರಿದ್ದಾರೆ. ಇಂತಹ ಮನೆಯಿಂದ ಬಂದ ಬಾಲಕನೊಬ್ಬನು ವಿಮಾನದ ವಿಷಯವನ್ನು ಓದುವಾಗ, "ವಿಮಾನದ ಇಂಜಿನ್ನೂ ಪೆಟ್ರೋಲಿನಿಂದಲೇ ನಡೆಯುವುದಾದರೆ, ಮೋಟಾರು ವಾಹನದ ಕಾರ್ಬ್ಯುರೆಟರನ್ನೇ ಅದಕ್ಕೇಕೆ ಜೋಡಿಸಬಾರದು?" ಎಂದು ಕೇಳುವುದು ಸಹಜ. ಪ್ರಶ್ನೆಯು ಸರಳವಾಗಿದ್ದರೂ ಉತ್ತರವು ಸ್ವಲ್ಪ ದೀರ್ಘವಾದುದು.

ಉತ್ತರದ ತಿರುಳನ್ನು ಒಂದು ಉದಾಹರಣೆಯಿಂದಲೇ ಆರಂಭಿಸಬಹುದು. ಮೋಟಾರ್ ಸೈಕಲ್ಲಿನ ಹಿಡಿಯಿಂದ ಕಾರ್ಬ್ಯುರೆಟರಿಗೆ ಹೋಗುವ ತಂತಿಯು ಮಧ್ಯಮಾರ್ಗದಲ್ಲಿ ತುಂಡಾಯಿತೆಂದು ಭಾವಿಸೋಣ. ಆಗ ಒಳಗಿನ ಸ್ಪ್ರಿಂಗು ಕವಾಟವನ್ನು ಕೆಳಕ್ಕೆ ತಳ್ಳಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ವೇಗವು ತಗ್ಗಿ ವಾಹನವು ರಸ್ತೆಯ ಬದಿಯಲ್ಲಿ ನಿಲ್ಲುತ್ತದೆ. ನೆಲದ ಮೇಲೆ ಕ್ಷೇಮಕರವಾದ ವ್ಯವಸ್ಥೆಯಿದು. ಆದರೆ ಲಘು ವಿಮಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ರೋಟಾಕ್ಸ್ 912 ವರ್ಗದ ಇಂಜಿನ್ನಿನ ಕಾರ್ಬ್ಯುರೆಟರಿನಲ್ಲಿ ಸ್ಪ್ರಿಂಗನ್ನು ಇದಕ್ಕೆ ತದ್ವಿರುದ್ಧವಾಗಿ ಜೋಡಿಸಿರುತ್ತಾರೆ. ಅಲ್ಲಿ ತಂತಿ ತುಂಡಾದರೆ ಕವಾಟವು ಪೂರ್ಣವಾಗಿ ತೆರೆದುಕೊಳ್ಳುತ್ತದೆ. ಏಕೆಂದರೆ ಆಕಾಶದಲ್ಲಿ ರಸ್ತೆಯ ಬದಿಯೆಂಬುದಿಲ್ಲ. ಶಕ್ತಿಯಿದ್ದರೆ ಚಾಲಕನು ಎತ್ತರವನ್ನು ಕಾಪಾಡಿಕೊಂಡು, ನಿಲ್ದಾಣದ ಮೇಲೆ ಬಂದು, ಇಂಜಿನ್ನನ್ನು ತಾನೇ ನಿಲ್ಲಿಸಿ ಇಳಿಯಬಲ್ಲನು. ಎರಡೂ ಕಾರ್ಬ್ಯುರೆಟರುಗಳೇ, ಎರಡೂ ತಮ್ಮ ತಮ್ಮ ಸ್ಥಾನದಲ್ಲಿ ಸರಿಯಾದುವೇ. ಕೆಟ್ಟಾಗ ಹೇಗೆ ವರ್ತಿಸಬೇಕೆಂಬ ವಿಚಾರದಲ್ಲಿ ಮಾತ್ರ ಒಂದಕ್ಕೊಂದು ಅಜಗಜಾಂತರ. ಆದುದರಿಂದ ವಿಮಾನಕ್ಕೆ ಕಾರ್ಬ್ಯುರೆಟರನ್ನು ಆರಿಸುವಾಗ, "ಇದು ಎಷ್ಟು ಶಕ್ತಿ ಕೊಡುತ್ತದೆ?" ಎಂಬ ಪ್ರಶ್ನೆಗಿಂತಲೂ "ಇದು ಅತ್ಯಂತ ಕಷ್ಟದ ಗಳಿಗೆಯಲ್ಲಿ ಏನು ಮಾಡುತ್ತದೆ?" ಎಂಬ ಪ್ರಶ್ನೆಯೇ ಮುಖ್ಯವಾದುದು.

ಕಾರ್ಬ್ಯುರೆಟರಿನ ಕಾರ್ಯ

ಪೆಟ್ರೋಲು ದ್ರವರೂಪದಲ್ಲಿ ಸರಿಯಾಗಿ ಉರಿಯಲಾರದು. ಅದು ಸೂಕ್ಷ್ಮ ಹನಿಗಳಾಗಿ, ಆವಿಯಾಗಿ, ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆಯಬೇಕು. ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು 15 ಭಾಗ ಗಾಳಿಯಿದ್ದರೆ ದಹನವು ಪೂರ್ಣವಾಗುತ್ತದೆ. 12ರಿಂದ 13 ಭಾಗವಿದ್ದರೆ ಗರಿಷ್ಠ ಶಕ್ತಿ ದೊರೆಯುತ್ತದೆ. ಈ ಪ್ರಮಾಣವನ್ನು ಕಾಪಾಡುವುದೇ ಕಾರ್ಬ್ಯುರೆಟರಿನ ಕಾರ್ಯ. 1903ರಲ್ಲಿ ರೈಟ್ ಸೋದರರು ಹಾರಿಸಿದ ಮೊದಲ ವಿಮಾನದಲ್ಲಿ ಇಂದು ನಾವು ಕಾರ್ಬ್ಯುರೆಟರ್ ಎಂದು ಕರೆಯುವ ಸಾಧನವೇ ಇರಲಿಲ್ಲ. ಪೆಟ್ರೋಲು ತೊಟ್ಟಿಕ್ಕಿ ಬಿಸಿಯಾದ ಕೋಣೆಯೊಂದರಲ್ಲಿ ತಾನಾಗಿಯೇ ಆವಿಯಾಗುತ್ತಿತ್ತು. ಸ್ವಲ್ಪ ಹೊತ್ತಿನ ಹಾರಾಟಕ್ಕೆ ಅಷ್ಟೇ ಸಾಕಾಗಿತ್ತು.

ಕಾರ್ಬ್ಯುರೆಟರಿನ ನಡುವೆ ಕಿರಿದಾದ ಕಂಠವೊಂದಿದೆ. ಇದನ್ನು ಇಟಲಿಯ ವಿಜ್ಞಾನಿ ವೆಂಚುರಿಯ ಹೆಸರಿನಿಂದ ಕರೆಯುತ್ತಾರೆ. ಇಂಜಿನ್ನು ಎಳೆದುಕೊಳ್ಳುವ ಗಾಳಿಯು ಈ ಕಂಠದಲ್ಲಿ ವೇಗವಾಗಿ ನುಗ್ಗುವುದರಿಂದ ಅಲ್ಲಿ ಒತ್ತಡವು ತಗ್ಗುತ್ತದೆ. ಪಕ್ಕದ ಬಟ್ಟಲಿನಲ್ಲಿ ಪೆಟ್ರೋಲು ವಾಯುಮಂಡಲದ ಒತ್ತಡದಲ್ಲಿರುತ್ತದೆ. ಈ ಒತ್ತಡದ ಅಂತರವೇ ಪೆಟ್ರೋಲನ್ನು ಜೆಟ್ಟಿನ ಮೂಲಕ ಮೇಲಕ್ಕೆತ್ತಿ ಗಾಳಿಗೆ ಚಿಮುಕಿಸುತ್ತದೆ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟವು ಒಂದೇ ಸಮನಾಗಿರುವಂತೆ ತೇಲುಬುರುಡೆಯೊಂದು ಸೂಜಿಕವಾಟವನ್ನು ತೆರೆಯುತ್ತ ಮುಚ್ಚುತ್ತ ನೋಡಿಕೊಳ್ಳುತ್ತದೆ. ಥ್ರಾಟಲ್ ಕವಾಟವು ಒಳಹೋಗುವ ಮಿಶ್ರಣದ ಮೊತ್ತವನ್ನು ನಿಯಂತ್ರಿಸುತ್ತದೆ.

ಗಾತ್ರದ ವಿಚಾರ

ಮೊದಲು ನಿರ್ಧರಿಸಬೇಕಾದುದು ಕಂಠದ ಗಾತ್ರ. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ನಿರ್ಮಾಣಗೊಂಡು 1958ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಹಾರಿದ ಪುಷ್ಪಕ ವಿಮಾನವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರಲ್ಲಿದ್ದುದು 90 ಅಶ್ವಶಕ್ತಿಯ, ನಾಲ್ಕು ಸಿಲಿಂಡರುಗಳ ಕಾಂಟಿನೆಂಟಲ್ ಇಂಜಿನ್ನು. ಇದರ ಸಿಲಿಂಡರುಗಳ ಒಟ್ಟು ಗಾತ್ರ ಸುಮಾರು 3.3 ಲೀಟರು, ಪೂರ್ಣ ಶಕ್ತಿಯಲ್ಲಿ ನಿಮಿಷಕ್ಕೆ 2,475 ಸುತ್ತು. ನಾಲ್ಕು ಹೊಡೆತಗಳ ಇಂಜಿನ್ನಾದುದರಿಂದ ಪ್ರತಿ ಎರಡು ಸುತ್ತಿಗೊಮ್ಮೆ ಪ್ರತಿಯೊಂದು ಸಿಲಿಂಡರೂ ತುಂಬಿಕೊಳ್ಳುತ್ತದೆ. ಅಂದರೆ ನಿಮಿಷಕ್ಕೆ ಸುಮಾರು 4,000 ಲೀಟರು ಗಾಳಿ. ಸಿಲಿಂಡರು ಪೂರ್ತಿಯಾಗಿ ತುಂಬುವುದಿಲ್ಲವಾದುದರಿಂದ ನೂರಕ್ಕೆ 85ರಂತೆ ಹಿಡಿದರೆ ಸುಮಾರು 3,450 ಲೀಟರು. ಸಮುದ್ರಮಟ್ಟದಲ್ಲಿ ಇದರ ತೂಕ 4 ಕಿಲೋಗ್ರಾಮಿಗೂ ಸ್ವಲ್ಪ ಹೆಚ್ಚು. ಹದಿಮೂರಕ್ಕೊಂದರಂತೆ ಪೆಟ್ರೋಲು ಬೆರೆಸಿದರೆ ಗಂಟೆಗೆ ಸುಮಾರು 19 ಕಿಲೋಗ್ರಾಂ, ಎಂದರೆ 26 ಲೀಟರು. ಇಷ್ಟು ಗಾಳಿಯನ್ನು ತಡೆಯಿಲ್ಲದೆ ಬಿಡುವ, ಇಷ್ಟು ಪೆಟ್ರೋಲನ್ನು ತಪ್ಪದೆ ಕೊಡುವ ಸಾಧನವು ಬೇಕು.

ಕಂಠವು ಕಿರಿದಾದರೆ ಪೂರ್ಣ ಶಕ್ತಿಯಲ್ಲಿ ಇಂಜಿನ್ನಿಗೆ ಉಸಿರು ಕಟ್ಟಿದಂತಾಗುತ್ತದೆ. ಹಾಗೆಂದು ಹಿರಿದಾದ ಕಂಠವನ್ನು ಆರಿಸಿದರೆ, ನಿಧಾನವಾಗಿ ನಡೆಯುವಾಗ ಗಾಳಿಯ ವೇಗ ಸಾಲದೆ ಪೆಟ್ರೋಲು ಸರಿಯಾಗಿ ಮೇಲೇಳುವುದಿಲ್ಲ. ಎದ್ದರೂ ದಪ್ಪ ಹನಿಗಳಾಗಿ ಬೀಳುತ್ತದೆ. ಇನ್ನೊಂದು ವ್ಯತ್ಯಾಸವನ್ನೂ ಇಲ್ಲಿ ಗಮನಿಸಬೇಕು. ಮೋಟಾರ್ ಸೈಕಲ್ಲು ತನ್ನ ಪೂರ್ಣ ಶಕ್ತಿಯನ್ನು ಬಳಸುವುದು ಕ್ಷಣಕಾಲ ಮಾತ್ರ. ವಿಮಾನವಾದರೋ ಪೂರ್ಣ ಶಕ್ತಿಯಿಂದ ಏರಿ, ಆಮೇಲೆ ಮುಕ್ಕಾಲು ಭಾಗ ಶಕ್ತಿಯಲ್ಲಿ ಗಂಟೆಗಟ್ಟಲೆ ಸಾಗುತ್ತದೆ. ಗಾಳಿಯಿಂದಲೇ ತಣಿಯುವ ಇಂಜಿನ್ನು ಏರುವ ಕಾಲದಲ್ಲಿ ಬೇಗ ಕಾಯುವುದರಿಂದ, ಥ್ರಾಟಲ್ ಪೂರ್ತಿ ತೆರೆದಾಗ ಸ್ವಲ್ಪ ಹೆಚ್ಚು ಪೆಟ್ರೋಲು ಹೋಗಿ ಸಿಲಿಂಡರನ್ನು ತಂಪಾಗಿಡುವ ಏರ್ಪಾಡು ವಿಮಾನದ ಕಾರ್ಬ್ಯುರೆಟರಿನಲ್ಲಿ ಅವಶ್ಯಕ.

ಎತ್ತರದ ವಿಚಾರ

ರಸ್ತೆಯ ವಾಹನಕ್ಕೆ ಅಷ್ಟಾಗಿ ಬಾಧಿಸದ ತೊಂದರೆಯೊಂದು ವಿಮಾನವನ್ನು ಬಾಧಿಸುತ್ತದೆ. ಮೇಲೇರಿದಂತೆ ಗಾಳಿಯು ತೆಳುವಾಗುತ್ತದೆ. 3,000 ಅಡಿಗಳ ಎತ್ತರದಲ್ಲಿ ಸಮುದ್ರಮಟ್ಟದ ಗಾಳಿಯ ಸಾಂದ್ರತೆಯಲ್ಲಿ ನೂರಕ್ಕೆ 91 ಭಾಗವೂ, 10,000 ಅಡಿಗಳಲ್ಲಿ 74 ಭಾಗವೂ ಮಾತ್ರ ಉಳಿಯುತ್ತದೆ. ಬೆಂಗಳೂರು 3,000 ಅಡಿಗಳಿಗೆ ಸಮೀಪದಲ್ಲಿದೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣವು 2,300 ಅಡಿಗಳಿಗೂ ಮೇಲಿದೆ. ಆದುದರಿಂದ ನಮ್ಮ ನಾಡಿನ ವಿಮಾನವು ನೆಲದ ಮೇಲಿರುವಾಗಲೇ ತೆಳುವಾದ ಗಾಳಿಯಲ್ಲಿ ಇರುತ್ತದೆ; ಬೇಸಿಗೆಯ ಬಿಸಿಲು ಅದನ್ನು ಇನ್ನಷ್ಟು ತೆಳುಮಾಡುತ್ತದೆ.

ಕಂಠದ ಮೂಲಕ ಹೋಗುವ ಗಾಳಿಯ ತೂಕವು ಸಾಂದ್ರತೆಗೆ ಅನುಗುಣವಾಗಿ ತಗ್ಗುತ್ತದೆ. ಆದರೆ ಚಿಮ್ಮುವ ಪೆಟ್ರೋಲಿನ ತೂಕವು ಸಾಂದ್ರತೆಯ ವರ್ಗಮೂಲಕ್ಕೆ ಅನುಗುಣವಾಗಿ ಮಾತ್ರ ತಗ್ಗುತ್ತದೆ. ಪರಿಣಾಮವಾಗಿ ಏರಿದಂತೆಲ್ಲ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತ ಹೋಗುತ್ತದೆ. 10,000 ಅಡಿಗಳಲ್ಲಿ ಈ ಹೆಚ್ಚಳವು ನೂರಕ್ಕೆ ಸುಮಾರು 16. ಇಂಜಿನ್ನು ತಡವರಿಸುತ್ತದೆ, ಸ್ಪಾರ್ಕ್ ಪ್ಲಗ್ಗುಗಳಿಗೆ ಮಸಿ ಹಿಡಿಯುತ್ತದೆ, ಇಂಧನವು ವ್ಯರ್ಥವಾಗುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು, ಚಾಲಕನ ಕೈಗೇ ಮಿಶ್ರಣದ ಹಿಡಿಯೊಂದನ್ನು ಕೊಟ್ಟು, ಎತ್ತರಕ್ಕೆ ತಕ್ಕಂತೆ ಪೆಟ್ರೋಲನ್ನು ತಗ್ಗಿಸುವುದು. ಕಾಂಟಿನೆಂಟಲ್, ಲೈಕಮಿಂಗ್ ಇಂಜಿನ್ನುಗಳಲ್ಲಿ ಇದೇ ರೂಢಿ. ಎರಡನೆಯದು, ಸ್ಥಿರ ಒತ್ತಡದ ಕಾರ್ಬ್ಯುರೆಟರನ್ನು ಆರಿಸುವುದು. ಜರ್ಮನಿಯ ಬಿಂಗ್ ಕಾರ್ಬ್ಯುರೆಟರು ಈ ಜಾತಿಯದು. ಅದರಲ್ಲಿ ತೆಳುಪೊರೆಗೆ ಜೋಡಿಸಿದ ಕೊಂತವೊಂದು ಇಂಜಿನ್ನಿನ ಸೆಳೆತಕ್ಕೆ ತಕ್ಕಂತೆ ತಾನಾಗಿಯೇ ಏರಿಳಿದು, ಕಂಠವನ್ನೂ ಜೆಟ್ಟನ್ನೂ ಒಟ್ಟಿಗೆ ಹಿಗ್ಗಿಸಿ ಕುಗ್ಗಿಸುತ್ತದೆ. ಎತ್ತರದ ದೋಷವನ್ನು ಬಹುಮಟ್ಟಿಗೆ ತಾನೇ ತಿದ್ದಿಕೊಳ್ಳುತ್ತದೆ. ಮೊದಲನೆಯ ವಿಧಾನದಲ್ಲಿ ಚಾಲಕನ ಅರಿವು ಬೇಕು. ಎರಡನೆಯದರಲ್ಲಿ ಪೊರೆಯು ಹರಿಯದಂತೆ ಕಾಯುವ ಯಂತ್ರಶಿಲ್ಪಿಯ ಅರಿವು ಬೇಕು.

ಹಿಮದ ವಿಚಾರ

ಎಲ್ಲಕ್ಕಿಂತ ವಿಚಿತ್ರವಾದುದೂ ಅಪಾಯಕರವಾದುದೂ ಹಿಮದ ತೊಂದರೆ. ಹಿಮವನ್ನೇ ಕಾಣದ ನಮ್ಮ ನಾಡಿನಲ್ಲಿ ಇದೇನು ವಿಚಾರವೆಂದು ಓದುಗರು ನಗಬಾರದು. ಮಣ್ಣಿನ ಹೂಜಿಯಲ್ಲಿಟ್ಟ ನೀರು ಬೇಸಿಗೆಯಲ್ಲಿಯೂ ತಣ್ಣಗಿರುವುದೇಕೆ? ಹೊರಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಹೂಜಿಯ ಶಾಖವನ್ನು ಹೀರಿಕೊಳ್ಳುತ್ತದೆ. ಪೆಟ್ರೋಲು ನೀರಿಗಿಂತಲೂ ಶೀಘ್ರವಾಗಿ ಆವಿಯಾಗುವ ದ್ರವ. ಕಂಠದಲ್ಲಿ ಅದು ಆವಿಯಾಗುವಾಗಲೂ, ಗಾಳಿಯ ಒತ್ತಡ ಕುಸಿಯುವಾಗಲೂ ಅಲ್ಲಿನ ಉಷ್ಣತೆಯು 30 ಡಿಗ್ರಿಗಿಂತಲೂ ಹೆಚ್ಚಾಗಿ ಇಳಿಯಬಹುದು. ಗಾಳಿಯಲ್ಲಿ ತೇವವಿದ್ದರೆ ಅದು ಥ್ರಾಟಲ್ ಕವಾಟದ ಸುತ್ತ ಮಂಜುಗಡ್ಡೆಯಾಗಿ ಕಟ್ಟಿಕೊಂಡು ಉಸಿರಿನ ದಾರಿಯನ್ನು ಮುಚ್ಚುತ್ತದೆ. ಹೊರಗಿನ ಉಷ್ಣತೆ 21 ಡಿಗ್ರಿಗಿಂತ ಕಡಿಮೆಯಿದ್ದು, ಆರ್ದ್ರತೆಯು ನೂರಕ್ಕೆ 80ಕ್ಕಿಂತ ಹೆಚ್ಚಿದ್ದಾಗ ಈ ಅಪಾಯವು ಅಧಿಕ. ಪುಷ್ಯಮಾಸದ ಮುಂಜಾನೆ ಕಪಿಲೆಯ ಮೇಲೆ ಮಂಜು ಹರಡಿರುವ ಹೊತ್ತಿನ ಹವೆಯು ಬಹುಮಟ್ಟಿಗೆ ಇಂತಹುದೇ. ಮಾತ್ರವಲ್ಲ, 38 ಡಿಗ್ರಿ ಉಷ್ಣತೆಯಲ್ಲಿ, ಕೇವಲ 50 ಭಾಗ ಆರ್ದ್ರತೆಯಲ್ಲಿಯೂ ಹಿಮ ಕಟ್ಟುವುದು ಅಸಾಧ್ಯವಲ್ಲವೆಂದು ವೈಮಾನಿಕ ಗ್ರಂಥಗಳು ಎಚ್ಚರಿಸುತ್ತವೆ.

ಇಳಿಯುವ ಕಾಲದಲ್ಲಿ ಥ್ರಾಟಲನ್ನು ಮುಚ್ಚಿರುವುದರಿಂದ ಕವಾಟದ ಅಂಚಿನಲ್ಲಿ ಸಂದು ಕಿರಿದಾಗಿರುತ್ತದೆ, ಇಂಜಿನ್ನೂ ತಣ್ಣಗಾಗಿರುತ್ತದೆ. ಸ್ವಲ್ಪವೇ ಹಿಮವು ಸಾಕು, ನೆಲವು ಹತ್ತಿರವಾದಾಗ ಶಕ್ತಿ ಬೇಕೆಂದು ಹಿಡಿ ತಳ್ಳಿದರೆ ಇಂಜಿನ್ನು ಓಗೊಡದು. ಆದುದರಿಂದಲೇ ತೇಲುಬುರುಡೆಯ ಕಾರ್ಬ್ಯುರೆಟರುಳ್ಳ ವಿಮಾನಗಳಲ್ಲಿ ಹೊಗೆನಳಿಗೆಯ ಸುತ್ತ ಕಾದ ಗಾಳಿಯನ್ನು ಕಾರ್ಬ್ಯುರೆಟರಿಗೆ ತಿರುಗಿಸುವ ಏರ್ಪಾಡಿದೆ. ಹಿಮ ಕಟ್ಟಿದಾಗ ಬಿಸಿಗಾಳಿಯನ್ನು ಬಿಟ್ಟೊಡನೆ ಇಂಜಿನ್ನಿನ ಸುತ್ತುಗಳು ಮೊದಲು ತಗ್ಗುತ್ತವೆ, ಕರಗಿದ ನೀರನ್ನು ನುಂಗುವಾಗ ಅದು ಒರಟಾಗಿಯೂ ನಡೆಯುತ್ತದೆ. ಅನಂತರ ಸುತ್ತುಗಳು ಏರುತ್ತವೆ. ಹೊಸ ಚಾಲಕನು ಮೊದಲಿನ ಒರಟುತನಕ್ಕೆ ಹೆದರಿ ಬಿಸಿಗಾಳಿಯನ್ನು ನಿಲ್ಲಿಸಿಬಿಡುವ ತಪ್ಪನ್ನು ಮಾಡಬಾರದೆಂದು ಶಿಕ್ಷಕರು ಮತ್ತೆ ಮತ್ತೆ ಹೇಳುತ್ತಾರೆ. ಈ ಬಿಸಿಗಾಳಿಯು ಸಾಮಾನ್ಯವಾಗಿ ಶೋಧಕವನ್ನು ದಾಟದೆ ಬರುವುದರಿಂದ, ಧೂಳಿನ ನೆಲದ ಮೇಲೆ ಇದನ್ನು ಅನಾವಶ್ಯಕವಾಗಿ ಬಳಸಲೂ ಬಾರದು.

ಕಾರ್ಬ್ಯುರೆಟರಿನ ಸ್ಥಾನವೂ ಇಲ್ಲಿ ಮುಖ್ಯ. ಲೈಕಮಿಂಗ್ ಇಂಜಿನ್ನುಗಳಲ್ಲಿ ಅದನ್ನು ಎಣ್ಣೆಯ ತೊಟ್ಟಿಯ ಅಡಿಗೆ ಬಿಗಿದು, ಮಿಶ್ರಣದ ನಳಿಗೆಗಳನ್ನು ಬಿಸಿ ಎಣ್ಣೆಯ ನಡುವೆ ಹಾಯಿಸಿರುತ್ತಾರೆ. ಹಳೆಯ ಚಿಕ್ಕ ಕಾಂಟಿನೆಂಟಲ್ ಇಂಜಿನ್ನುಗಳಲ್ಲಿ ಈ ಬೆಚ್ಚನೆಯ ಆಸರೆಯಿಲ್ಲ. ಆದುದರಿಂದ ಇವುಗಳಿಗೆ ಹಿಮದ ಬಾಧೆ ಹೆಚ್ಚು. ಒಂದೇ ಕಾರ್ಬ್ಯುರೆಟರು ಒಂದು ಇಂಜಿನ್ನಿನಲ್ಲಿ ನಿರ್ಭಯವಾಗಿಯೂ ಇನ್ನೊಂದರಲ್ಲಿ ಸಂದೇಹಾಸ್ಪದವಾಗಿಯೂ ಇರಬಹುದೆಂಬುದಕ್ಕೆ ಇದು ನಿದರ್ಶನ.

ಇಂಧನದ ಹಾದಿ

ಚಿಕ್ಕ ಕಾಂಟಿನೆಂಟಲ್ ಇಂಜಿನ್ನುಗಳ ಸಂಬಂಧದಲ್ಲಿ ಸ್ಟ್ರಾಂಬರ್ಗ್ ಮತ್ತು ಮಾರ್ವೆಲ್-ಶೆಬ್ಲರ್ ಎಂಬ ಎರಡು ಹೆಸರುಗಳು ಪ್ರಸಿದ್ಧವಾಗಿವೆ. ಸ್ಟ್ರಾಂಬರ್ಗಿನ ರಚನೆಯು ಸರಳ; ಆದರೆ ಹಿಡಿಯನ್ನು ಥಟ್ಟನೆ ತಳ್ಳಿದಾಗ ಹೆಚ್ಚಿನ ಪೆಟ್ರೋಲನ್ನು ಚಿಮ್ಮಿಸುವ ಪಂಪು ಅದರಲ್ಲಿಲ್ಲ. ಮಾರ್ವೆಲ್-ಶೆಬ್ಲರಿನಲ್ಲಿ ಅದುಂಟು. ಮೊದಲನೆಯದನ್ನು ಬಳಸುವ ಚಾಲಕನು ಹಿಡಿಯನ್ನು ಮೆಲ್ಲನೆ ತಳ್ಳುವ ಅಭ್ಯಾಸವನ್ನು ಮಾಡಿಕೊಳ್ಳಬೇಕು. ಎರಡನೆಯದರಲ್ಲಿ ಹೆಚ್ಚಿನ ಭಾಗಗಳಿರುವುದರಿಂದ ನೋಡಿಕೊಳ್ಳಬೇಕಾದುದೂ ಹೆಚ್ಚು.

ಪೆಟ್ರೋಲು ಎಲ್ಲಿಂದ ಬರುತ್ತದೆಂಬುದನ್ನೂ ವಿಚಾರಿಸಬೇಕು. ಮೇಲ್ರೆಕ್ಕೆಯ ವಿಮಾನದಲ್ಲಿ ತೊಟ್ಟಿಯು ಎತ್ತರದಲ್ಲಿದ್ದರೆ ಇಂಧನವು ತನ್ನ ಭಾರದಿಂದಲೇ ಇಳಿದುಬರುತ್ತದೆ; ಕೆಳರೆಕ್ಕೆಯ ವಿಮಾನದಲ್ಲಿ ಪಂಪು ಬೇಕು. ಪಂಪಿನ ಒತ್ತಡ ಹೆಚ್ಚು. ಭಾರದಿಂದ ಇಳಿಯುವ ಇಂಧನಕ್ಕೆಂದು ಅಗಲವಾಗಿ ಕೊರೆದ ಸೂಜಿಕವಾಟವನ್ನು ಪಂಪಿಗೆ ಜೋಡಿಸಿದರೆ ತೇಲುಬುರುಡೆಗೆ ಅದನ್ನು ಮುಚ್ಚಿಡಲು ಶಕ್ತಿ ಸಾಲದೆ ಬಟ್ಟಲು ತುಂಬಿ ಹರಿಯುತ್ತದೆ.

ತೇಲುಬುರುಡೆಯೂ ಸಾಮಾನ್ಯವಾದ ವಸ್ತುವಲ್ಲ. ವಿಮಾನವು ತಲೆಕೆಳಗಾದರೆ, ಇಲ್ಲವೆ ಮೂಗನ್ನು ಥಟ್ಟನೆ ತಗ್ಗಿಸಿದರೆ ಬಟ್ಟಲಿನ ಪೆಟ್ರೋಲು ಮೇಲಕ್ಕೆ ಹಾರಿ ಜೆಟ್ಟಿಗೆ ಸಿಕ್ಕುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನಗಳ ಮರ್ಲಿನ್ ಇಂಜಿನ್ನು ಹೀಗೆಯೇ ಕ್ಷಣಕಾಲ ತಡವರಿಸುತ್ತಿತ್ತು. ಇಂಧನವನ್ನು ನೇರವಾಗಿ ಚುಚ್ಚುವ ಇಂಜಿನ್ನುಳ್ಳ ಜರ್ಮನ್ ವಿಮಾನಗಳು ತಪ್ಪಿಸಿಕೊಳ್ಳುತ್ತಿದ್ದವು. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಇಂಜಿನಿಯರು ರಂಧ್ರವುಳ್ಳ ಸಣ್ಣ ಲೋಹದ ಬಿಲ್ಲೆಯೊಂದನ್ನು ಇಂಧನದ ದಾರಿಯಲ್ಲಿಟ್ಟು ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಿದರು. ತರಬೇತಿಯ ಚಿಕ್ಕ ವಿಮಾನಕ್ಕೆ ಕಾಳಗದ ತಿರುವುಗಳಿಲ್ಲವಾದರೂ, ತೇಲುಬುರುಡೆಯು ಪೆಟ್ರೋಲನ್ನು ಹೀರಿ ಭಾರವಾದರೆ ಅಷ್ಟೇ ತೊಂದರೆ. ರೋಟಾಕ್ಸ್ ಇಂಜಿನ್ನಿನ ಕಾರ್ಬ್ಯುರೆಟರಿನಲ್ಲಿರುವ ಜೋಡಿ ಬುರುಡೆಗಳ ತೂಕವು 7 ಗ್ರಾಮನ್ನು ಮೀರಿದರೆ ಅವುಗಳನ್ನು ಬದಲಿಸಬೇಕೆಂದು ನಿಯಮವಿದೆ. ಏಳು ಗ್ರಾಮೆಂದರೆ ಒಂದು ಸಣ್ಣ ಚಮಚೆಯ ಸಕ್ಕರೆಗೂ ಸ್ವಲ್ಪ ಮೇಲು; ವಿಮಾನದ ಕ್ಷೇಮವು ಅಷ್ಟನ್ನು ಅವಲಂಬಿಸಿದೆ.

ಈಚಿನ ವರ್ಷಗಳಲ್ಲಿ ರಸ್ತೆಯ ಪೆಟ್ರೋಲಿಗೆ ಕಬ್ಬು ಮೊದಲಾದವುಗಳಿಂದ ತೆಗೆದ ಎಥೆನಾಲನ್ನು ನೂರಕ್ಕೆ 20ರವರೆಗೂ ಬೆರೆಸುತ್ತಿದ್ದಾರೆ. ನಾಡಿನ ರೈತನಿಗೆ ಇದು ಉಪಕಾರಕವಾಗಿರಬಹುದು. ಆದರೆ ಎಥೆನಾಲು ನೀರನ್ನು ಹೀರುತ್ತದೆ. ಹಳೆಯ ರಬ್ಬರು ಭಾಗಗಳನ್ನು ಉಬ್ಬಿಸುತ್ತದೆ. ಆದುದರಿಂದ ತಯಾರಕರು ಒಪ್ಪಿದ ಇಂಧನ ಯಾವುದೆಂದು ತಿಳಿಯದೆ ಕಾರ್ಬ್ಯುರೆಟರನ್ನು ಆರಿಸುವುದು ಅವಿವೇಕ.

ಬೆಂಗಳೂರಿನ ವಿಮಾನಗಳು ಕಲಿಸುವ ಪಾಠ

ಮೈಸೂರು ಸಂಸ್ಥಾನದ ಸಹಾಯದಿಂದ 1940ರಲ್ಲಿ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನವು 1951ರ ಆಗಸ್ಟಿನಲ್ಲಿ ಹಾರಿತು. ಅನಂತರ ಬಂದ ಪುಷ್ಪಕವು ದೇಶದ ಹಾರಾಟ ಸಂಘಗಳಲ್ಲಿ ಅನೇಕರಿಗೆ ವಿದ್ಯೆ ಕಲಿಸಿತು. ಆ ಪೀಳಿಗೆಯ ಆಯ್ಕೆಯು ತೇಲುಬುರುಡೆಯ ಸರಳ ಕಾರ್ಬ್ಯುರೆಟರು: ಬಿಚ್ಚಿ ನೋಡಬಹುದಾದುದು, ಆದರೆ ಹಿಮಕ್ಕೆ ಅಂಜಬೇಕಾದುದು.

ಮುಂದೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಬೆಂಗಳೂರಿನಲ್ಲಿ ಹಂಸ ವಿಮಾನವನ್ನು ನಿರ್ಮಿಸಿತು. ಹಂಸ-3ಕ್ಕೆ ಆರಿಸಿದ ರೋಟಾಕ್ಸ್ 914 ಇಂಜಿನ್ನಿನ ಗಾತ್ರ ಕೇವಲ 1.2 ಲೀಟರು. ಟರ್ಬೋ ಚಕ್ರವು ಗಾಳಿಯನ್ನು ಒತ್ತಿ ಕೊಡುವುದರಿಂದ ಎತ್ತರದಲ್ಲಿಯೂ ಶಕ್ತಿ ಕುಂದುವುದಿಲ್ಲ. ಇದರಲ್ಲಿ ಎರಡು ಬಿಂಗ್ ಕಾರ್ಬ್ಯುರೆಟರುಗಳಿವೆ. ಗಾಳಿಯ ಒತ್ತಡ ಹೆಚ್ಚಿದಂತೆಲ್ಲ ಇಂಧನದ ಒತ್ತಡವೂ ಅದಕ್ಕಿಂತ ಸ್ವಲ್ಪ ಮೇಲೆಯೇ ಇರಬೇಕು, ಇಲ್ಲವಾದರೆ ಪೆಟ್ರೋಲು ಬಟ್ಟಲಿಗೆ ಇಳಿಯುವುದೇ ಇಲ್ಲ. ಎರಡು ಕಾರ್ಬ್ಯುರೆಟರುಗಳೂ ಜೋಡೆತ್ತುಗಳಂತೆ ಒಂದೇ ಸಮನೆ ಎಳೆಯಬೇಕು. ಒಂದು ಮುಂದಾಗಿ ಒಂದು ಹಿಂದಾದರೆ ಇಂಜಿನ್ನು ನಡುಗಿ ಭಾಗಗಳು ಸವೆಯುತ್ತವೆ.

2021ರ ಸೆಪ್ಟೆಂಬರ್ 3ರಂದು ಹಾರಿದ ಹೊಸ ಪೀಳಿಗೆಯ ಹಂಸದಲ್ಲಿ ಕಾರ್ಬ್ಯುರೆಟರೇ ಇಲ್ಲ. ರೋಟಾಕ್ಸ್ 912 ಐಎಸ್ ವರ್ಗದ ಅದರ ಇಂಜಿನ್ನಿಗೆ ವಿದ್ಯುನ್ಮಾನ ಯಂತ್ರವೇ ಇಂಧನವನ್ನು ಅಳೆದು ಸಿಂಪಡಿಸುತ್ತದೆ. ಕಂಠದಲ್ಲಿ ಪೆಟ್ರೋಲು ಆವಿಯಾಗುವ ಪ್ರಶ್ನೆಯಿಲ್ಲದುದರಿಂದ ಹಿಮದ ಭಯವು ಬಹಳಮಟ್ಟಿಗೆ ಹೋಯಿತು. ಎತ್ತರದ ಲೆಕ್ಕವನ್ನೂ ಅದೇ ಮಾಡಿಕೊಳ್ಳುತ್ತದೆ. ಆದರೆ ವಿದ್ಯುತ್ತು ನಿಂತರೆ ಇಂಜಿನ್ನೂ ನಿಲ್ಲುತ್ತದೆ. ಅದಕ್ಕಾಗಿಯೇ ಆ ಇಂಜಿನ್ನಿನಲ್ಲಿ ನಿಯಂತ್ರಣದ ದಾರಿಗಳೂ ವಿದ್ಯುಜ್ಜನಕಗಳೂ ಎರಡೆರಡು. ಬೆಂಗಳೂರಿನ ಎತ್ತರದಲ್ಲಿ ಪರೀಕ್ಷಿಸಿದ ಈ ವಿಮಾನವನ್ನು 2022ರಲ್ಲಿ ಪುದುಚೇರಿಗೆ ಒಯ್ದು ಸಮುದ್ರಮಟ್ಟದ ಗಾಳಿಯಲ್ಲಿ ಪರೀಕ್ಷಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಪರೀಕ್ಷಾಕ್ಷೇತ್ರದ ಮೇಲೆ ಸಾವಿರಾರು ಅಡಿಗಳ ಎತ್ತರದಲ್ಲಿ ಇಂಜಿನ್ನನ್ನು ಬೇಕೆಂದೇ ನಿಲ್ಲಿಸಿ, ಮತ್ತೆ ಹೊತ್ತಿಸಿ ನೋಡಿದರು. ಕೆಟ್ಟಾಗ ಏನಾಗುತ್ತದೆಂಬುದನ್ನು ಊಹೆಗೆ ಬಿಡದೆ ಕೈಯಾರೆ ಪರೀಕ್ಷಿಸುವ ಈ ಕ್ರಮವೇ ವೈಮಾನಿಕ ವಿದ್ಯೆಯ ಜೀವಾಳ.

ಕೊನೆಯ ಮಾತು

ಮೇಲಿನ ವಿವರಣೆಯಿಂದ ಬಾಲಕನ ಪ್ರಶ್ನೆಗೆ ಉತ್ತರವು ಸ್ಪಷ್ಟವಾಗಿರಬಹುದು. ಇಂಜಿನ್ನಿನ ಗಾತ್ರ, ಹಾರುವ ಎತ್ತರ, ನಾಡಿನ ತೇವ, ತೊಟ್ಟಿಯ ಸ್ಥಾನ, ಇಂಧನದ ಗುಣ, ಇವೈದನ್ನೂ ಕೂಡಿಸಿ ನೋಡಿದ ಮೇಲೆಯೇ ಕಾರ್ಬ್ಯುರೆಟರಿನ ಆಯ್ಕೆ. ಪ್ರಮಾಣಪತ್ರವನ್ನು ಪಡೆದ ವಿಮಾನದಲ್ಲಂತೂ ಈ ಆಯ್ಕೆಯು ಮಾಲೀಕನ ಇಷ್ಟಕ್ಕೆ ಬಿಟ್ಟದ್ದಲ್ಲ; ಆ ಇಂಜಿನ್ನಿಗೆ ಅನುಮೋದಿತವಾದ ಪಟ್ಟಿಯಲ್ಲಿರುವ ಕಾರ್ಬ್ಯುರೆಟರನ್ನೇ ಹಾಕಬೇಕು. ಇದನ್ನು ಕೇವಲ ಕಾಗದದ ಕಟ್ಟಳೆಯೆಂದು ತಿಳಿಯಬಾರದು. ಮೇಲೆ ಹೇಳಿದ ಪರೀಕ್ಷೆಗಳನ್ನು ಒಬ್ಬನೇ ಮನುಷ್ಯನು ತನ್ನ ಕೊಟ್ಟಿಗೆಯಲ್ಲಿ ಕುಳಿತು ಮಾಡಲಾರನೆಂಬ ಅನುಭವವೇ ಆ ಪಟ್ಟಿಯ ಹಿಂದಿದೆ.

ಯಾವ ಕಾರ್ಬ್ಯುರೆಟರೂ ಎಲ್ಲ ತೊಂದರೆಗಳಿಂದ ಮುಕ್ತವಲ್ಲ. ಒಂದು ಹಿಮಕ್ಕೆ ಅಂಜುತ್ತದೆ, ಒಂದು ಹರಿದ ಪೊರೆಗೆ ಅಂಜುತ್ತದೆ, ಕಾರ್ಬ್ಯುರೆಟರಿಲ್ಲದ ಇಂಜಿನ್ನು ವಿದ್ಯುತ್ತಿನ ಅಭಾವಕ್ಕೆ ಅಂಜುತ್ತದೆ. ಆರಿಸುವವನು ತನ್ನ ಸಾಧನದ ಅಂಜಿಕೆ ಯಾವುದೆಂದು ಮುಂಚಿತವಾಗಿ ತಿಳಿದು, ಅದನ್ನು ದಿನದಿನವೂ ಕಾಯ್ದುಕೊಳ್ಳಲು ಸಿದ್ಧನಿದ್ದರೆ, ಆ ಆಯ್ಕೆಯು ಸರಿಯಾದುದು. ಮನೆಯಂಗಳದಲ್ಲಿ ಹಳೆಯ ಜಾವಾದ ಜೆಟ್ಟನ್ನು ಶುಚಿಗೊಳಿಸುವ ಬಾಲಕನು ಈ ವಿಚಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡಿದರೆ, ಮುಂದೊಂದು ದಿನ ವಿಮಾನದ ಇಂಜಿನ್ನು ಅವನ ಕೈಗೆ ಬಂದಾಗ ಅವನು ಅಪರಿಚಿತನಾಗಿ ನಿಲ್ಲುವುದಿಲ್ಲ.